ಎಂಜಿನ್ನಿನಲ್ಲಿ ಸಿಕ್ಕ ಮುರುಕು ಯಾವುದರದು? ಹತ್ತನೆಯ ತರಗತಿಯ ರೇಖಾಗಣಿತ ಕೊಟ್ಟ ಉತ್ತರ

ಅಕ್ಕಲಕೋಟ ತಾಲ್ಲೂಕಿನ ಒಬ್ಬ ನಿವೃತ್ತ ಕನ್ನಡ ಶಿಕ್ಷಕರ ಬಳಿ ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ಇದೆ. ಸೊಲ್ಲಾಪುರದಿಂದ ಕನ್ನಡ ಪುಸ್ತಕಗಳ ಪೆಟ್ಟಿಗೆಗಳನ್ನು ತುಂಬಿಕೊಂಡು ಹಳ್ಳಿಯ ಶಾಲೆಗಳಿಗೆ ತಲುಪಿಸುವುದು, ತಿಂಗಳಾದ ಮೇಲೆ ಅವನ್ನು ಹಿಂದಕ್ಕೆ ತಂದು ಬೇರೆ ಶಾಲೆಗೆ ಒಯ್ಯುವುದು ಅವರ ಭಾನುವಾರದ ಕಾಯಕ. ಕಳೆದ ಬೇಸಿಗೆಯಲ್ಲಿ ಕಾರು ನಿಂತ ಜಾಗದಲ್ಲೆಲ್ಲ ಎಣ್ಣೆಯ ಹನಿಗಳು ಬೀಳತೊಡಗಿದವು. ವಳಸಂಗದಿಂದ ಅಕ್ಕಲಕೋಟಕ್ಕೆ ಹೋಗುವ ದಾರಿಯಲ್ಲಿರುವ ಸಣ್ಣ ಗ್ಯಾರೇಜೊಂದರ ಮಿಸ್ತ್ರಿ, ಎಂಜಿನ್ನಿನ ತಳದ ಎಣ್ಣೆಯ ಚೇಂಬರನ್ನು ಕಳಚಿ, ಹಳೆಯ ಪ್ಯಾಕಿಂಗ್ ತೆಗೆದು ಹೊಸದನ್ನು ಹಾಕಲು ಹೊರಟಾಗ, ತಳದ ಕಪ್ಪು ರಾಡಿಯಲ್ಲಿ ಅವರ ಬೆರಳಿಗೆ ಒಂದು ಲೋಹದ ಮುರುಕು ತಗುಲಿತು. ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ, ಬೆಂಕಿಕಡ್ಡಿಗಿಂತ ತುಸು ದಪ್ಪ, ಬಳೆಯ ತುಂಡಿನಂತೆ ಬಾಗಿದ ಆಕಾರ.

ಗುರುಗಳು ಸೊಲ್ಲಾಪುರದ ಮತ್ತೊಂದು ಗ್ಯಾರೇಜಿಗೆ ದೂರವಾಣಿ ಮಾಡಿ ವಿಚಾರಿಸಿದರು. ಅಲ್ಲಿಂದ ಬಂದ ಉತ್ತರ ಒಂದೇ ವಾಕ್ಯದ್ದು: ರಿಂಗು ಮುರಿದಿದೆ, ಎಂಜಿನ್ ಪೂರ್ತಿ ಬಿಚ್ಚಬೇಕು, ಬೋರು ಹೊಡೆಸಬೇಕು. ಅವರು ಹೇಳಿದ ಖರ್ಚು ಗುರುಗಳ ಒಂದು ತಿಂಗಳ ಪಿಂಚಣಿಗಿಂತ ಹೆಚ್ಚಾಗಿತ್ತು. ಅಷ್ಟು ಕೊಡುವುದಕ್ಕಿಂತ ಕಾರನ್ನು ಗುಜರಿಗೆ ಹಾಕುವುದೇ ಲೇಸು ಎಂದು ಅವರು ಯೋಚಿಸಿದರು. ಕಾರು ಹೋದರೆ ಪುಸ್ತಕದ ಪೆಟ್ಟಿಗೆಗಳ ಸಂಚಾರವೂ ನಿಲ್ಲುತ್ತಿತ್ತು. ವಿಜ್ಞಾನ ಮತ್ತು ಗಣಿತ ಕಲಿಸುವ ನಾನೂ ಆ ತುಂಡನ್ನು ನೋಡಿದೊಡನೆ, "ರಿಂಗೇ ಇರಬೇಕು, ಎಂಜಿನ್ ಮುಗಿದಂತೆ" ಎಂದುಬಿಟ್ಟೆ. ನನ್ನ ಮಾತಿನ ಮೊದಲರ್ಧ ನಿಜವಾಗಿತ್ತು, ಎರಡನೆಯ ಅರ್ಧ ತಪ್ಪಾಗಿತ್ತು. ಆ ತಪ್ಪು ಹೇಗೆ ಬಯಲಾಯಿತು ಎಂಬುದನ್ನು ನಮ್ಮ ಕನ್ನಡ ಶಾಲೆಗಳ ಪಾಲಕರಿಗೂ ಮಕ್ಕಳಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಸೊಲ್ಲಾಪುರದಲ್ಲಿ ಹುಟ್ಟಿದವರ ಕಾರ್ಖಾನೆಯಿಂದ ಬಂದ ಕಾರು

ಪದ್ಮಿನಿ ಕಾರಿಗೂ ನಮ್ಮ ಊರಿಗೂ ಇರುವ ನಂಟನ್ನು ಮಕ್ಕಳು ತಿಳಿದಿರಬೇಕು. ಅದನ್ನು ತಯಾರಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಸ್ಥಾಪಿಸಿದವರು ವಾಲ್‌ಚಂದ್ ಹೀರಾಚಂದ್. ಅವರು ಹುಟ್ಟಿದ್ದು ಸೊಲ್ಲಾಪುರದಲ್ಲಿ, 1882ರ ನವೆಂಬರ್ 23ರಂದು. ಮೈಸೂರು ಸರ್ಕಾರದ ಸಹಯೋಗದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದವರೂ ಅವರೇ. ಇಟಲಿಯ ಫಿಯಟ್ 1100 ಮಾದರಿಯ ಕಾರು ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾಗಿ, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದಶಕಗಳ ಕಾಲ ಓಡಿ, 2023ರ ಅಕ್ಟೋಬರಿನಲ್ಲಿ ಅಲ್ಲಿನ ರಸ್ತೆಗಳಿಂದ ನಿವೃತ್ತವಾಯಿತು.

ಈ ಎಂಜಿನ್ನಿನ ಎರಡು ಅಳತೆಗಳು ನಮ್ಮ ಕಥೆಗೆ ಬೇಕಾಗುತ್ತವೆ. ಇದರಲ್ಲಿ ನಾಲ್ಕು ಸಿಲಿಂಡರುಗಳಿವೆ. ಪ್ರತಿ ಸಿಲಿಂಡರಿನ ಒಳವ್ಯಾಸ, ಅಂದರೆ ಗ್ಯಾರೇಜಿನವರು ಬೋರು ಎನ್ನುವುದು, 68 ಮಿಲಿಮೀಟರ್. ಅದರೊಳಗೆ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಚಲಿಸುವ ದೂರ 75 ಮಿಲಿಮೀಟರ್. ಸಿಲಿಂಡರಿನ ಘನಫಲದ ಸೂತ್ರ ಬಲ್ಲ ವಿದ್ಯಾರ್ಥಿ ಈ ಎರಡು ಸಂಖ್ಯೆಗಳಿಂದ ಒಂದು ಸಿಲಿಂಡರಿನ ಗಾತ್ರ ಕಂಡುಹಿಡಿದು ನಾಲ್ಕರಿಂದ ಗುಣಿಸಿದರೆ 1089 ಘನ ಸೆಂಟಿಮೀಟರ್ ಬರುತ್ತದೆ. ಕಾರಿನ ಕಾಗದಪತ್ರದಲ್ಲಿ ಮುದ್ರಿತವಾಗಿರುವ ಎಂಜಿನ್ ಸಾಮರ್ಥ್ಯವೂ ಅದೇ.

ಮೊದಲ ನಿಯಮ: ಎಂಜಿನ್ ಚಾಲೂ ಮಾಡಬಾರದು, ತುಂಡನ್ನು ಎಸೆಯಬಾರದು

"ಗುರುಗಳ, ಗಾಡಿ ಚಾಲೂ ಮಾಡೂದು ಬ್ಯಾಡ್ರಿ. ತುಕಡಾ ಏನ್ ಹೇಳತೈತಿ, ಮೊದಲ ಅದನ್ನ ಕೇಳೋಣು" ಎಂದರು ಮಿಸ್ತ್ರಿ. ಅವರು ಯಾವ ತಾಂತ್ರಿಕ ಶಾಲೆಯಲ್ಲೂ ಕಲಿತವರಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಸೊಲ್ಲಾಪುರದ ಗ್ಯಾರೇಜಿಗೆ ಸೇರಿ ಕೈಯಿಂದಲೇ ಕಲಿತವರು. ಆದರೆ ಅವರ ಈ ಮಾತು ಯಾವ ಪಠ್ಯಪುಸ್ತಕದಲ್ಲಿಯೂ ಮೊದಲ ಪುಟದಲ್ಲಿ ಇರಬೇಕಾದದ್ದು.

ಎಂಜಿನ್ನಿನೊಳಗೆ ಒಂದು ಭಾಗ ನಿಜವಾಗಿ ಮುರಿದಿದ್ದರೆ ಪ್ರತಿಯೊಂದು ಸುತ್ತೂ ಹಾನಿಯನ್ನು ಹೆಚ್ಚಿಸುತ್ತದೆ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಪದ್ಮಿನಿಯ ಪಿಸ್ಟನ್ ಸೆಕೆಂಡಿಗೆ 50 ಬಾರಿ ಮೇಲೆ ಹೋಗಿ ಕೆಳಗೆ ಬರುತ್ತದೆ. ಒಂದು ಸುತ್ತಿಗೆ 150 ಮಿಲಿಮೀಟರಿನಂತೆ, ಸೆಕೆಂಡಿಗೆ ಸರಾಸರಿ ಏಳೂವರೆ ಮೀಟರ್ ಓಟ. ಮುರಿದ ಉಗುರಿನಂಥ ಚೂಪು ತುದಿ ಆ ವೇಗದಲ್ಲಿ ಸಿಲಿಂಡರಿನ ಗೋಡೆಯನ್ನು ಉಜ್ಜಿದರೆ ಉದ್ದುದ್ದ ಗೀರುಗಳು ಬೀಳಲು ಹೆಚ್ಚು ಹೊತ್ತು ಬೇಕಿಲ್ಲ. ಆದುದರಿಂದ ಮೊದಲು ನಿಲ್ಲಿಸಬೇಕು. ಎರಡನೆಯದಾಗಿ, ಸಿಕ್ಕ ತುಂಡನ್ನು ಒರೆಸಿ ಹೊಳೆಯಿಸಬಾರದು, ಬಾಗಿಸಿ ನೋಡಬಾರದು. ಅದರ ಮೈಮೇಲಿನ ಮಸಿಯೂ ಒಂದು ಸಾಕ್ಷಿ. ಮೂರನೆಯದಾಗಿ, ಅದು ಎಲ್ಲಿ ಸಿಕ್ಕಿತು ಎಂಬುದನ್ನು ಬರೆದಿಡಬೇಕು.

ತುಂಡಿಗೆ ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಮೊದಲನೆಯ ಪ್ರಶ್ನೆ: ಎಲ್ಲಿ ಸಿಕ್ಕಿತು? ಎಂಜಿನ್ನಿನ ತಲೆಯ ಮುಚ್ಚಳದ ಕೆಳಗೆ ಸಿಕ್ಕರೆ ಕವಾಟದ ಸ್ಪ್ರಿಂಗು, ಅದರ ಲಾಕು, ರಾಕರ್ ತೋಳು ಇವುಗಳ ಮೇಲೆ ಅನುಮಾನ ಹೋಗುತ್ತದೆ. ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಕಂಡರೆ ಕವಾಟದ ಮುಖ, ಪಿಸ್ಟನ್ನಿನ ನೆತ್ತಿ, ಮೇಲಿನ ರಿಂಗು ಇವುಗಳ ಮೇಲೆ. ನಮ್ಮ ತುಂಡು ತಳದ ಚೇಂಬರಿನಲ್ಲಿ ಸಿಕ್ಕಿತ್ತು. ಎಂಜಿನ್ನಿನಲ್ಲಿ ಬಿದ್ದದ್ದೆಲ್ಲ ಕೊನೆಗೆ ಇಳಿಯುವ ಜಾಗ ಅದು. ಹಾಗಾಗಿ ಈ ಪ್ರಶ್ನೆಯಿಂದ ಹೆಚ್ಚಿನ ಸುಳಿವು ಸಿಗಲಿಲ್ಲ.

ಎರಡನೆಯ ಪ್ರಶ್ನೆ: ಯಾವ ಲೋಹ? ಇದಕ್ಕೆ ಒಂದು ಆಯಸ್ಕಾಂತ ಸಾಕು. ಹಳೆಯ ಸ್ಪೀಕರಿನ ಆಯಸ್ಕಾಂತವಾದರೂ ಆದೀತು. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಆಯಸ್ಕಾಂತಕ್ಕೆ ಅಂಟದು. ಕಂಚಿನ ಬುಶ್ ಅಂಟದು. ಬೇರಿಂಗಿನ ಒಳಪದರದ ಮೃದು ಬಿಳಿಲೋಹವೂ ಅಂಟದು. ಉಕ್ಕು ಮತ್ತು ಬೀಡು ಕಬ್ಬಿಣ ಅಂಟುತ್ತವೆ. ನಮ್ಮ ತುಂಡು ಚಟ್ಟನೆ ಅಂಟಿತು. ಮುರಿದ ತುದಿಯಲ್ಲಿ ಎಳ್ಳಷ್ಟೂ ಬಾಗಿದ ಗುರುತಿರಲಿಲ್ಲ, ಸೀಮೆಸುಣ್ಣ ಮುರಿದಂತೆ ನೇರವಾಗಿ ತುಂಡಾಗಿತ್ತು. ಉಕ್ಕಾಗಿದ್ದರೆ ಬಹುಮಟ್ಟಿಗೆ ಮುರಿಯುವ ಮೊದಲು ತುಸು ಬಾಗುತ್ತಿತ್ತು. ಬೀಡು ಬಾಗದೆ ಮುರಿಯುತ್ತದೆ. "ಬೀಡು ಐತ್ರಿ" ಎಂದರು ಮಿಸ್ತ್ರಿ. ಮರಾಠಿಯಲ್ಲಿಯೂ ಎರಕದ ಕಬ್ಬಿಣಕ್ಕೆ ಬೀಡ್ ಎನ್ನುತ್ತಾರೆ. ಈ ಪದ ಗಡಿಯ ಎರಡೂ ಬದಿಯಲ್ಲಿ ಒಂದೇ.

ಮೂರನೆಯ ಪ್ರಶ್ನೆ: ಆಕಾರ ಏನು? ತುಂಡಿನ ಅಡ್ಡಕೊಯ್ತ ಆಯತದಂತಿತ್ತು. ಒಂದು ಬದಿ, ಅಂದರೆ ಬಾಗಿದ ಹೊರಮೈ, ಕನ್ನಡಿಯಂತೆ ನುಣುಪಾಗಿತ್ತು. ಉಳಿದ ಮೂರು ಬದಿಗಳು ಹಾಗಿರಲಿಲ್ಲ. ಅಂದರೆ ಈ ವಸ್ತು ತನ್ನ ಹೊರಮೈಯಿಂದ ಯಾವುದೋ ಗೋಡೆಯನ್ನು ಉಜ್ಜುತ್ತ ಬಾಳಿದೆ. ಬೇರಿಂಗಿನ ತುಂಡಾಗಿದ್ದರೆ ಒಳಮೈ ನುಣುಪಾಗಿ, ಅಗಲವಾದ ತೆಳು ಪಟ್ಟಿಯಂತೆ ಇರಬೇಕಿತ್ತು. ಸ್ಪ್ರಿಂಗಿನ ತುಂಡಾಗಿದ್ದರೆ ಅಡ್ಡಕೊಯ್ತ ದುಂಡಾಗಿರುತ್ತಿತ್ತು. ಎಣ್ಣೆ ತೊಡೆಯುವ ಕೆಳಗಿನ ರಿಂಗಿನಲ್ಲಿ ಎಣ್ಣೆ ಹರಿಯಲು ಸೀಳುಗಳಿರುತ್ತವೆ. ಇದರಲ್ಲಿ ಸೀಳು ಇರಲಿಲ್ಲ.

ಹೀಗೆ ಉಳಿದವು ಎರಡೇ ಸಾಧ್ಯತೆಗಳು: ಪಿಸ್ಟನ್ನಿನ ಮೇಲಿನ ಒತ್ತಡದ ರಿಂಗು, ಇಲ್ಲವೇ ಕವಾಟ ಕುಳಿತುಕೊಳ್ಳುವ ಪೀಠದ ಬಳೆ. ಎರಡೂ ಬಾಗಿದ ಗಟ್ಟಿ ಲೋಹದ ವಸ್ತುಗಳೇ. ಆದರೆ ಎರಡು ಕವಾಟಗಳು ಒಂದೇ ಬೋರಿನ ಮೇಲೆ ಅಕ್ಕಪಕ್ಕ ಕೂಡಬೇಕಾದ್ದರಿಂದ ಪೀಠದ ಬಳೆಯ ವ್ಯಾಸ ಬೋರಿನ ಅರ್ಧದ ಆಸುಪಾಸಿನಲ್ಲಿರುತ್ತದೆ. ಪಿಸ್ಟನ್ ರಿಂಗಿನ ವ್ಯಾಸ ಬೋರಿನಷ್ಟೇ ಇರುತ್ತದೆ. ಅಂದರೆ ಈ ತುಂಡು ಯಾವ ವೃತ್ತದಿಂದ ಮುರಿದು ಬಂದಿದೆಯೋ ಆ ವೃತ್ತದ ವ್ಯಾಸ ತಿಳಿದರೆ ಇದು ಯಾವುದೆಂದು ಗೊತ್ತಾಗುತ್ತದೆ. ಕೈಯಲ್ಲಿರುವುದು ವೃತ್ತದ ಐದನೆಯ ಒಂದು ಪಾಲು ಮಾತ್ರ. ಉಳಿದ ವೃತ್ತ ಇಲ್ಲ.

ಜ್ಯಾ, ಶರ, ವ್ಯಾಸ

ಮಿಸ್ತ್ರಿಯವರ ಮಗಳು ಹತ್ತನೆಯ ತರಗತಿ ಮುಗಿಸಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದಳು. ಕನ್ನಡ ಮಾಧ್ಯಮದ ವಿದ್ಯಾರ್ಥಿನಿ. ತಂದೆಗೆ ಊಟದ ಡಬ್ಬಿ ತಂದವಳು ನಮ್ಮ ಚರ್ಚೆ ಕೇಳುತ್ತ ನಿಂತಿದ್ದಳು. "ಸರ, ಇದು ವೃತ್ತದ ಪಾಠದಾಗಿನ ಲೆಕ್ಕ ಅಲ್ಲೇನ್ರಿ?" ಎಂದಳು. ನನಗೆ ನಾಚಿಕೆಯಾಯಿತು. ಅದನ್ನು ಕಲಿಸಿದವನು ನಾನು, ನೆನಪಿಸಿದವಳು ಅವಳು.

ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪ್ರಕಟಿಸುವ ಹತ್ತನೆಯ ತರಗತಿಯ ಗಣಿತ ಎರಡನೆಯ ಭಾಗದಲ್ಲಿ ವೃತ್ತದ ಒಳಗೆ ಒಂದನ್ನೊಂದು ಛೇದಿಸುವ ಎರಡು ಜ್ಯಾಗಳ ಪ್ರಮೇಯ ಇದೆ. ಒಂದು ಜ್ಯಾದ ಎರಡು ಭಾಗಗಳ ಗುಣಲಬ್ಧ ಇನ್ನೊಂದರ ಎರಡು ಭಾಗಗಳ ಗುಣಲಬ್ಧಕ್ಕೆ ಸಮ. ಇವುಗಳಲ್ಲಿ ಒಂದು ಜ್ಯಾ ವ್ಯಾಸವೇ ಆಗಿದ್ದು, ಇನ್ನೊಂದನ್ನು ಲಂಬವಾಗಿ ಅರ್ಧಿಸಿದರೆ ಒಂದು ಸರಳ ಸೂತ್ರ ಸಿಗುತ್ತದೆ: ಅರ್ಧ ಜ್ಯಾದ ವರ್ಗವನ್ನು ಕಂಸದ ಎತ್ತರದಿಂದ ಭಾಗಿಸಿ, ಬಂದದ್ದಕ್ಕೆ ಅದೇ ಎತ್ತರವನ್ನು ಕೂಡಿಸಿದರೆ ವ್ಯಾಸ.

ಈ ಎತ್ತರಕ್ಕೆ ನಮ್ಮ ಪ್ರಾಚೀನ ಗಣಿತಜ್ಞರು ಇಟ್ಟ ಹೆಸರು ಶರ. ಕಂಸ ಬಿಲ್ಲಾದರೆ, ಜ್ಯಾ ಅದರ ಹೆದೆ, ನಡುವೆ ನಿಂತ ಎತ್ತರ ಬಾಣ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಈ ಸಂಬಂಧದ ಉಲ್ಲೇಖವಿದೆ. 1150ರಲ್ಲಿ ಭಾಸ್ಕರಾಚಾರ್ಯರು ರಚಿಸಿದ ಲೀಲಾವತಿಯಲ್ಲಿ ವ್ಯಾಸ ಕಂಡುಹಿಡಿಯುವ ಈ ವಿಧಾನ ಇದೇ ರೂಪದಲ್ಲಿದೆ. ಅದೇ 12ನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಗಣಿತಕ್ಕೆ ಕನ್ನಡ ಸಾಲದು ಎನ್ನುವವರು ಈ ಹೆಸರನ್ನು ನೆನಪಿಡಬೇಕು.

ಹುಡುಗಿ ಮಾಡಿದ್ದು ಇಷ್ಟು. ತುಂಡನ್ನು ಆಲೇಖ ಕಾಗದದ ಮೇಲೆ ಚಪ್ಪಟೆಯಾಗಿಟ್ಟು ಹೊರ ಅಂಚನ್ನು ಚೂಪು ಪೆನ್ಸಿಲಿನಿಂದ ಎಳೆದಳು. ಆ ಕಂಸದ ಮೇಲೆ 30 ಮಿಲಿಮೀಟರ್ ಅಂತರದ ಎರಡು ಬಿಂದುಗಳನ್ನು ಗುರುತಿಸಿ ನೇರ ರೇಖೆಯಿಂದ ಜೋಡಿಸಿದಳು. ಇದು ಜ್ಯಾ. ಅದರ ಮಧ್ಯಬಿಂದುವಿನಿಂದ ಕಂಸದವರೆಗಿನ ಲಂಬವನ್ನು ಶಾಲೆಯ ಪ್ರಯೋಗಾಲಯದಿಂದ ತರಿಸಿದ ವರ್ನಿಯರ್ ಕ್ಯಾಲಿಪರಿನಿಂದ ಮೂರು ಸಲ ಅಳೆದಳು. ಎರಡು ಸಲ 3.4 ಮಿಲಿಮೀಟರ್, ಒಂದು ಸಲ 3.5 ಬಂತು.

ಲೆಕ್ಕ ಹೀಗಿದೆ. ಅರ್ಧ ಜ್ಯಾ 15, ಅದರ ವರ್ಗ 225. ಅದನ್ನು 3.4ರಿಂದ ಭಾಗಿಸಿದರೆ ಸುಮಾರು 66.2, ಅದಕ್ಕೆ 3.4 ಕೂಡಿಸಿದರೆ 69.6. ಶರ 3.5 ಎಂದು ಹಿಡಿದರೆ 64.3ಕ್ಕೆ 3.5 ಸೇರಿ 67.8. ಅಂದರೆ ವ್ಯಾಸ 68 ಮತ್ತು 70 ಮಿಲಿಮೀಟರ್ ನಡುವೆ ಎಲ್ಲೋ ಇದೆ. ಕವಾಟದ ಪೀಠ ಇಷ್ಟು ದೊಡ್ಡದಿರಲು ಸಾಧ್ಯವೇ ಇಲ್ಲ. ಇದು ಪಿಸ್ಟನ್ ರಿಂಗು.

ಇಲ್ಲಿ ಎರಡು ಪಾಠಗಳಿವೆ. ಮೊದಲನೆಯದು ಅಳತೆಯ ಎಚ್ಚರ. ಶರದಲ್ಲಿ 0.1 ಮಿಲಿಮೀಟರ್ ವ್ಯತ್ಯಾಸವಾದರೆ ವ್ಯಾಸ ಸುಮಾರು 1.8 ಮಿಲಿಮೀಟರ್ ಬದಲಾಗುತ್ತದೆ. ಆದುದರಿಂದ ಒಮ್ಮೆ ಅಳೆದು ನಂಬಬಾರದು, ಉತ್ತರವನ್ನು ಒಂದೇ ಸಂಖ್ಯೆಯಾಗಿ ಹೇಳದೆ ಒಂದು ವ್ಯಾಪ್ತಿಯಾಗಿ ಹೇಳಬೇಕು. ಎರಡನೆಯದು, ಹುಡುಗಿ ಕೇಳಿದ ಪ್ರಶ್ನೆ: "ಬೋರು 68 ಇದ್ದರ, ಅದರೊಳಗಿನ ರಿಂಗು 69.6 ಹೆಂಗ ಬರತೈತ್ರಿ?" ಉತ್ತರ ಕೊಟ್ಟವರು ಅವಳ ತಂದೆ. ರಿಂಗು ಬೋರಿನೊಳಗೆ ಒತ್ತಿ ಕೂರಿಸಿದ ಬಳೆ. ಹೊರಗೆ ತೆಗೆದರೆ ಅದರ ಬಾಯಿ ಹಲವು ಮಿಲಿಮೀಟರ್ ಅಗಲವಾಗಿ ತೆರೆದುಕೊಳ್ಳುತ್ತದೆ. ಒಳಗೆ ಕುಳಿತಾಗ ಬಾಯಿ ಮೂರು-ನಾಲ್ಕು ಕಾಗದದ ಹಾಳೆಗಳಷ್ಟು ಕಿರಿದಾಗುತ್ತದೆ. ಹಿಗ್ಗಲು ಹವಣಿಸುವ ಆ ಗುಣದಿಂದಲೇ ರಿಂಗು ಗೋಡೆಗೆ ಒತ್ತಿಕೊಂಡು, ಉರಿದ ಅನಿಲ ಕೆಳಗೆ ಸೋರದಂತೆ ತಡೆಯುತ್ತದೆ. ಹೊರಬಂದ ರಿಂಗಿನ ತುಂಡು ಬೋರಿಗಿಂತ ತುಸು ದೊಡ್ಡ ವೃತ್ತದ ತುಂಡಾಗಿ ಕಾಣುವುದು ಸಹಜ. ಲೆಕ್ಕಕ್ಕೂ ವಸ್ತುವಿಗೂ ವ್ಯತ್ಯಾಸ ಬಂದಾಗ ಲೆಕ್ಕ ತಪ್ಪೆಂದು ಅಳಿಸಿಹಾಕದೆ ಕಾರಣ ಹುಡುಕಿದರೆ, ವಸ್ತುವಿನ ಸ್ವಭಾವವೇ ತಿಳಿಯುತ್ತದೆ.

ನಾಲ್ಕನೆಯ ಪ್ರಶ್ನೆ: ಯಾವಾಗ ಮುರಿಯಿತು?

ತುಂಡು ರಿಂಗಿನದೇ ಎಂದಾಯಿತು. ಹಾಗಾದರೆ ಸೊಲ್ಲಾಪುರದ ಗ್ಯಾರೇಜಿನವರೂ ನಾನೂ ಹೇಳಿದ್ದೇ ಸರಿಯಲ್ಲವೇ? ಇಲ್ಲಿಯೇ ಮಿಸ್ತ್ರಿಯವರ ಅನುಭವ ನಮ್ಮೆಲ್ಲರಿಗಿಂತ ಮುಂದೆ ಹೋಯಿತು. ಅವರು ಟಾರ್ಚಿನ ಬೆಳಕಿನಲ್ಲಿ ಮುರಿದ ತುದಿಗಳನ್ನು ತೋರಿಸಿದರು. ಹೊಸದಾಗಿ ಮುರಿದ ಬೀಡಿನ ಮುಖ ಬೂದುಬಣ್ಣದಿಂದ ಹರಳುಹರಳಾಗಿ ಹೊಳೆಯುತ್ತದೆ. ಈ ತುಂಡಿನ ಎರಡೂ ತುದಿಗಳ ಮೇಲೆ ಕಾಯ್ದ ಎಣ್ಣೆ ಒಣಗಿ ಕಟ್ಟಿದ ಕಂದು-ಕಪ್ಪು ಪದರವಿತ್ತು, ಮೈಯ ಉಳಿದ ಭಾಗದಲ್ಲಿರುವಂತೆಯೇ. ಅಂಥ ಪದರ ಒಂದೆರಡು ದಿನಗಳಲ್ಲಿ ಕಟ್ಟುವಂಥದಲ್ಲ. ಇದು ಹಳೆಯ ಮುರಿತ.

ಇನ್ನೊಂದು ಮಾತು. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವಿನ ಸಂದು ಕೂದಲೆಳೆಯಷ್ಟು. ಮೇಲಿನ ರಿಂಗು ಮುರಿದರೂ ನಾಲ್ಕು ಸೆಂಟಿಮೀಟರಿನ ತುಂಡು ಆ ಸಂದಿಯಿಂದ ಜಾರಿ ಚೇಂಬರಿಗೆ ಬೀಳಲು ದಾರಿಯೇ ಇಲ್ಲ. ಪಿಸ್ಟನ್ನಿನ ಬದಿಯೇ ಒಡೆದಿದ್ದರೆ ಮಾತ್ರ ಬಿದ್ದೀತು. ಹಾಗೆ ಒಡೆದಿದ್ದರೆ ಚೇಂಬರಿನಲ್ಲಿ ಅಲ್ಯೂಮಿನಿಯಮ್ ಚೂರುಗಳೂ ಸಿಗಬೇಕಿತ್ತು. ತಳದ ರಾಡಿಯನ್ನೆಲ್ಲ ಬಟ್ಟೆಯಲ್ಲಿ ಸೋಸಿ ನೋಡಿದರೂ, ಎಣ್ಣೆ ಪಂಪಿನ ಜಾಳಿಗೆಯನ್ನು ಬಿಚ್ಚಿ ನೋಡಿದರೂ ಒಂದು ಚೂರೂ ಸಿಗಲಿಲ್ಲ.

ಇಷ್ಟಾದ ಮೇಲೆ ಎಂಜಿನ್ನನ್ನೇ ಸಾಕ್ಷಿಗೆ ಕರೆಯಬೇಕು. ಅದನ್ನು ಮಾಡಿದ ಕ್ರಮ ಇದು:

1. ಚೇಂಬರ್ ಕಳಚಿದ್ದಾಗಲೇ ಕೆಳಗಿನಿಂದ ಟಾರ್ಚು ಹಿಡಿದು, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ನಾಲ್ಕೂ ಸಿಲಿಂಡರಿನ ಗೋಡೆಗಳನ್ನೂ ಪಿಸ್ಟನ್ನಿನ ಬದಿಗಳನ್ನೂ ನೋಡಿದರು. ಉದ್ದನೆಯ ಗೀರು ಎಲ್ಲಿಯೂ ಇರಲಿಲ್ಲ.

2. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಮೊಬೈಲಿಗೆ ಜೋಡಿಸುವ ತೆಳು ತಂತಿಯ ಕ್ಯಾಮೆರಾವನ್ನು ಆ ರಂಧ್ರಗಳಿಂದ ಇಳಿಸಿದರು. ಮುರಿದ ರಿಂಗಿನ ಚೂರು ಮೇಲೆ ಸಿಕ್ಕಿಕೊಂಡಿದ್ದರೆ ಪಿಸ್ಟನ್ನಿನ ನೆತ್ತಿಯ ಮೇಲೆ ಕುಟ್ಟಿದ ಗುಳಿಗಳು ಕಾಣುತ್ತವೆ. ಮಸಿ ಕಂಡಿತು, ಗುಳಿ ಕಾಣಲಿಲ್ಲ.

3. ಹೊಸ ಪ್ಯಾಕಿಂಗಿನೊಡನೆ ಚೇಂಬರ್ ಕೂರಿಸಿ, ಹೊಸ ಎಣ್ಣೆ ತುಂಬಿ, ಕಿಡಿ ಹಾರದಂತೆ ಇಗ್ನಿಷನ್ ಕಾಯಿಲಿನ ತಂತಿ ಬಿಡಿಸಿ, ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು, ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿ ಪ್ರತಿ ಸಿಲಿಂಡರಿನ ಒತ್ತಡವನ್ನು ಗೇಜಿನಿಂದ ಅಳೆದರು. ಇಲ್ಲಿ ಮುಖ್ಯವಾದದ್ದು ನಾಲ್ಕರ ನಡುವಿನ ಸಮತೆ. ಅತಿ ಹೆಚ್ಚಿಗೂ ಅತಿ ಕಡಿಮೆಗೂ ಸುಮಾರು ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಅಂತರವಿರಬಾರದು ಎಂಬುದು ಗ್ಯಾರೇಜಿನ ರೂಢಿಯ ನಿಯಮ. ನಾಲ್ಕೂ ಆ ಮಿತಿಯಲ್ಲಿದ್ದವು.

ಒಂದು ಸಿಲಿಂಡರಿನ ಒತ್ತಡ ಕಡಿಮೆ ಬಂದಿದ್ದರೆ ಇನ್ನೊಂದು ಪರೀಕ್ಷೆ ಮಾಡಬೇಕಾಗುತ್ತಿತ್ತು. ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯುವುದು. ಎಣ್ಣೆ ಪಿಸ್ಟನ್ನಿನ ಸುತ್ತಲಿನ ಸಂದನ್ನು ತುಸು ಹೊತ್ತು ಮುಚ್ಚುತ್ತದೆ. ಒತ್ತಡ ಏರಿದರೆ ದೋಷ ರಿಂಗಿನದು ಅಥವಾ ಬೋರಿನದು, ಏರದಿದ್ದರೆ ಕವಾಟದ್ದು ಅಥವಾ ತಲೆಯ ಪ್ಯಾಕಿಂಗಿನದು. ಒಂದು ಚಮಚ ಎಣ್ಣೆಯಿಂದ ಎರಡು ಬೇರೆ ಬೇರೆ ರೋಗಗಳನ್ನು ಬೇರ್ಪಡಿಸುವ ಈ ಉಪಾಯವನ್ನು ಮಕ್ಕಳಿಗೆ ವಿಜ್ಞಾನದ ತರಗತಿಯಲ್ಲಿ ಹೇಳಿಕೊಡಬೇಕು.

4. ಕೊನೆಗೆ ಎಂಜಿನ್ ಚಾಲೂ ಮಾಡಿ ಹೊಗೆ ನೋಡಿದರು. ರಿಂಗು ಕೆಟ್ಟಿದ್ದರೆ ಎಣ್ಣೆ ಮೇಲೇರಿ ಉರಿದು ನೀಲಿ ಹೊಗೆ ಬರುತ್ತದೆ, ಎಣ್ಣೆ ತುಂಬುವ ಬಾಯಿಯಿಂದ ರಭಸದ ಗಾಳಿ ಹೊರಡುತ್ತದೆ. ಎರಡೂ ಇರಲಿಲ್ಲ.

ಹೊರಟ ತೀರ್ಮಾನ: ಎಂಜಿನ್ನಿನಲ್ಲಿ ಈಗ ಇರುವ ರಿಂಗುಗಳೆಲ್ಲ ಕ್ಷೇಮವಾಗಿವೆ. ತುಂಡು ಹಿಂದೆಂದೋ ಇದ್ದ ರಿಂಗಿನದು. ಗುರುಗಳ ಮನೆಯ ಕಪಾಟಿನಲ್ಲಿ ಕಾರಿನ ಖರ್ಚಿನ ಹಳೆಯ ವಹಿ ಇತ್ತು. ಅದರಲ್ಲಿ 1999ರಲ್ಲಿ ರಿಂಗು ಬದಲಿಸಿದ ಒಂದು ಸಾಲಿನ ದಾಖಲೆ ಸಿಕ್ಕಿತು. ಹಳೆಯ ರಿಂಗನ್ನು ಗಾಡಿಯಿಂದ ಬಿಡಿಸುವಾಗ ಅದು ಮುರಿಯುವುದು ಸಾಮಾನ್ಯ. ಆಗ ಒಂದು ತುಂಡು ಕೆಳಗೆ ಬಿದ್ದು ರಾಡಿಯಲ್ಲಿ ಹೂತು ಇಷ್ಟು ವರ್ಷ ನಿರುಪದ್ರವಿಯಾಗಿ ಕುಳಿತಿರಬೇಕು. ಅದನ್ನು ಕಣ್ಣಾರೆ ಕಂಡವರಿಲ್ಲ. ಆದರೆ ನುಣುಪಾದ ಹೊರಮೈ, ಹಳೆಯ ಮುರಿತ, ಸಮನಾದ ಒತ್ತಡ, ವಹಿಯ ಸಾಲು, ಈ ನಾಲ್ಕಕ್ಕೂ ಹೊಂದುವ ವಿವರಣೆ ಇದೊಂದೇ. ಗುರುಗಳಿಗೆ ಖರ್ಚಾದದ್ದು ಪ್ಯಾಕಿಂಗು, ಎಣ್ಣೆ ಮತ್ತು ಮಿಸ್ತ್ರಿಯ ಕೂಲಿ. ಮುಂದಿನ ಭಾನುವಾರ ಪುಸ್ತಕದ ಪೆಟ್ಟಿಗೆಗಳು ಎಂದಿನಂತೆ ಹೊರಟವು.

ಇದರಿಂದ ನಮ್ಮ ಶಾಲೆಗಳು ಕಲಿಯಬೇಕಾದದ್ದು

ಪ್ರತಿ ಜೂನ್ ತಿಂಗಳಲ್ಲಿ ನಮ್ಮ ತಾಲ್ಲೂಕುಗಳ ಮನೆಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಮಗುವನ್ನು ಕನ್ನಡ ಶಾಲೆಗೆ ಹಾಕಿದರೆ ಮುಂದೆ ಕೈಗೆ ಕೆಲಸ ಸಿಕ್ಕೀತೇ? ಆ ಮಿಸ್ತ್ರಿಯವರೂ ತಮ್ಮ ಕಿರಿಯ ಮಗನನ್ನು ಇಂಗ್ಲಿಷ್ ಶಾಲೆಗೆ ಸೇರಿಸುವ ಯೋಚನೆಯಲ್ಲಿದ್ದರು. ಆ ಪ್ರಶ್ನೆಯನ್ನು ಭಾವುಕತೆಯಿಂದ ತಳ್ಳಿಹಾಕುವುದು ಸರಿಯಲ್ಲ. ಹತ್ತನೆಯ ತರಗತಿಯ ನಂತರ ಐಟಿಐಗೋ ಡಿಪ್ಲೊಮಾಗೋ ಹೋಗುವ ನಮ್ಮ ಮಕ್ಕಳಿಗೆ ಮರಾಠಿ ಅಥವಾ ಇಂಗ್ಲಿಷಿನಲ್ಲಿ ಪಾಠ ನಡೆಯುತ್ತದೆ. ಸಂವಿಧಾನದ 350ಎ ವಿಧಿ 1956ರಲ್ಲಿ ಸೇರಿದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಬೇಕೆಂದು ಅದು ಹೇಳುವುದು ಪ್ರಾಥಮಿಕ ಹಂತದ ಬಗ್ಗೆ. ಅದರಾಚೆಯ ಸೇತುವೆಯನ್ನು ಶಿಕ್ಷಕರೂ ಪಾಲಕರೂ ಸೇರಿ ಕಟ್ಟಬೇಕು.

ಆದರೆ ಆ ಸೇತುವೆ ಎಷ್ಟು ಉದ್ದದ್ದು ಎಂಬುದನ್ನು ಸರಿಯಾಗಿ ಅಳೆಯೋಣ. ಆ ಹುಡುಗಿಗೆ ಕೊರತೆಯಾಗಿದ್ದದ್ದು ಪದಗಳು, ಯೋಚನೆಯಲ್ಲ. ಅವಳ ಪುಸ್ತಕದ ಜ್ಯಾ ಮರಾಠಿ ಪುಸ್ತಕದಲ್ಲಿ ಜೀವಾ. ತ್ರಿಜ್ಯ, ವ್ಯಾಸ, ಕಂಸ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ. ಆಯಸ್ಕಾಂತ ಅಲ್ಲಿ ಲೋಹಚುಂಬಕ, ಉಕ್ಕು ಅಲ್ಲಿ ಪೋಲಾದ್, ಇಕ್ಕಳ ಅಲ್ಲಿ ಪಕ್ಕಡ್, ಸುತ್ತಿಗೆ ಅಲ್ಲಿ ಹಾತೋಡಾ. ಪಿಸ್ಟನ್, ರಿಂಗು, ಬೋರು, ಚೇಂಬರ್ ಎಲ್ಲ ಗ್ಯಾರೇಜಿನಲ್ಲಿಯೂ ಒಂದೇ. ಒಂದು ವೃತ್ತಿಗೆ ಬೇಕಾಗುವ ಇಂಥ ಪದಗಳನ್ನು ಮೂರು ಭಾಷೆಗಳಲ್ಲಿ ಅಕ್ಕಪಕ್ಕ ಬರೆದುಕೊಂಡರೆ ಒಂದು ತೆಳುವಾದ ನೋಟುಬುಕ್ಕು ಸಾಕು. ಆದರೆ ಎರಡು ಜ್ಯಾಗಳ ಪ್ರಮೇಯ ಏಕೆ ನಿಜ ಎಂಬುದನ್ನು ಅರ್ಥವಾಗದ ಭಾಷೆಯಲ್ಲಿ ಬಾಯಿಪಾಠ ಮಾಡಿದ ಮಗುವಿಗೆ, ಗ್ಯಾರೇಜಿನ ಕಟ್ಟೆಯ ಮೇಲೆ ಅದು ನೆನಪಾಗುವುದು ಕಷ್ಟ. ಪದಗಳನ್ನು ರಜೆಯಲ್ಲಿ ಕಲಿಸಬಹುದು. ಯೋಚಿಸುವ ಅಭ್ಯಾಸಕ್ಕೆ ವರ್ಷಗಳೇ ಬೇಕು, ಅದು ಮನೆಯ ಮಾತಿನಲ್ಲಿ ಬೇಗ ಬೇರೂರುತ್ತದೆ.

ಆದುದರಿಂದ ಪಾಲಕ ಬಂಧುಗಳಲ್ಲಿ ಮೂರು ವಿನಂತಿಗಳು. ನಿಮ್ಮ ಮನೆಯಲ್ಲಿ ಗ್ಯಾರೇಜು, ಮಗ್ಗ, ಪಂಪಸೆಟ್ಟು, ಹೊಲಿಗೆ ಯಂತ್ರ ಏನೇ ಇರಲಿ, ಕೆಟ್ಟಾಗ ಮಗುವನ್ನು ಹತ್ತಿರ ಕರೆದು ಏನು ನೋಡುತ್ತಿದ್ದೀರಿ, ಏಕೆ ನೋಡುತ್ತಿದ್ದೀರಿ ಎಂದು ಬಾಯಿಬಿಟ್ಟು ಹೇಳಿರಿ. ಎಂಟನೆಯ ತರಗತಿಯಿಂದಲೇ ಕನ್ನಡ, ಮರಾಠಿ, ಇಂಗ್ಲಿಷ್ ಪದಗಳ ನೋಟುಬುಕ್ಕನ್ನು ಮಗುವಿನಿಂದ ಬರೆಯಿಸಿರಿ, ಅದಕ್ಕೆ ಶಿಕ್ಷಕರ ನೆರವು ಕೇಳಿರಿ. ದುಡ್ಡಿನ ದೊಡ್ಡ ದುರಸ್ತಿಗೆ ಒಪ್ಪುವ ಮೊದಲು "ಯಾವ ಪರೀಕ್ಷೆಯಿಂದ ಇದು ಗೊತ್ತಾಯಿತು?" ಎಂದು ಮಕ್ಕಳ ಎದುರಿಗೇ ಕೇಳಿರಿ. ಪ್ರಶ್ನೆ ಕೇಳುವ ಹಿರಿಯರನ್ನು ನೋ‍ಡಿಯೇ ಮಕ್ಕಳು ಪ್ರಶ್ನೆ ಕೇಳಲು ಕಲಿಯುತ್ತಾರೆ.

ಮಿಸ್ತ್ರಿಯವರು ಕಿರಿಯ ಮಗನ ವಿಷಯದಲ್ಲಿ ಇನ್ನೂ ನಿರ್ಧರಿಸಿಲ್ಲ. ಆ ಹಕ್ಕು ಅವರದು. ಮಗಳು ಐಟಿಐಗೆ ಅರ್ಜಿ ಹಾಕಿದ್ದಾಳೆ, ಮೋಟಾರು ವಾಹನ ಮೆಕ್ಯಾನಿಕ್ ವಿಭಾಗಕ್ಕೆ. ರಿಂಗಿನ ಆ ತುಂಡನ್ನು ಅವಳು ನಮ್ಮ ಶಾಲೆಗೆ ಕೊಟ್ಟುಹೋಗಿದ್ದಾಳೆ. ಈ ವರ್ಷ ವೃತ್ತದ ಪಾಠ ಬಂದಾಗ ಅದನ್ನು ಮೇಜಿನ ಮೇಲಿಟ್ಟು, ಇದು ಯಾವುದರ ತುಂಡೆಂದು ಹೇಳದೆ ಅಳೆಯಲು ಮಕ್ಕಳಿಗೆ ಕೊಡುವವನಿದ್ದೇನೆ.